ಪರವೂ ಸುಂದರೇಶ, ವಿರೋಧವೂ ಸುಂದರೇಶ

ಮೈಸೂರಿನ ಲಷ್ಕರ್ ಮೊಹಲ್ಲಾದ ಜೆರಾಕ್ಸ್ ಅಂಗಡಿ ಸುಂದರೇಶರಿಗೆ ಸ್ವಂತ ಅಭಿಪ್ರಾಯವಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಅಪಪ್ರಚಾರ. ಅವರಿಗೆ ಭೂಮಿಯ ಮೇಲಿನ ಪ್ರತಿಯೊಂದು ವಿಷಯದ ಬಗ್ಗೆಯೂ ಅಭಿಪ್ರಾಯವಿತ್ತು. ತೊಂದರೆ ಏನೆಂದರೆ, ಎರಡೆರಡು ಇದ್ದವು. ಎರಡೂ ಒಂದೇ ತೂಕದವು, ಎರಡಕ್ಕೂ ಒಂದೇ ಥರ ಇಸ್ತ್ರಿ.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಸುಂದರೇಶರ ತಾತ ಅರಮನೆಯ ಕಚೇರಿಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದವರು. ಯಾರ ಪರವಾಗಿ ಬರೆಯಲು ಹೇಳಿದರೂ ದುಂಡಗೆ ಬರೆಯುತ್ತಿದ್ದರಂತೆ. ತಂದೆ ಮೇಷ್ಟ್ರಾದರು. ಹೀಗೆ ಇಳಿಯುತ್ತ ಇಳಿಯುತ್ತ ಬಂದ ವಿದ್ಯೆ ಸುಂದರೇಶರ ಕಾಲಕ್ಕೆ ಒಂದು ಬೆರಳಚ್ಚಿನ ಅಂಗಡಿಯಾಗಿ, ಆಮೇಲೆ ಜೆರಾಕ್ಸ್ ಅಂಗಡಿಯಾಗಿ ನೆಲ ಮುಟ್ಟಿತು. ಅಂಗಡಿಯ ಮುಂದೆ ‘ಇಲ್ಲಿ ಲ್ಯಾಮಿನೇಷನ್ ಮಾಡಲಾಗುವುದು’ ಎಂಬ ಬೋರ್ಡಿದೆ. ಒಳಗೆ ನಡೆಯುವ ಅಸಲಿ ವ್ಯವಹಾರಕ್ಕೆ ಬೋರ್ಡಿಲ್ಲ. ಅದು ಕಾಲೇಜು ಹುಡುಗ ಹುಡುಗಿಯರಿಗೆ ಚರ್ಚಾಸ್ಪರ್ಧೆಯ ಭಾಷಣ ಬರೆದುಕೊಡುವುದು.

ನಮ್ಮ ಕಡೆಯ ಚರ್ಚಾಸ್ಪರ್ಧೆಗೆ ಒಂದು ಕ್ರಮವಿದೆ. ಪ್ರತಿ ಕಾಲೇಜಿನಿಂದ ಇಬ್ಬರು ಬರಬೇಕು. ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ಇಬ್ಬರ ಅಂಕವನ್ನೂ ಕೂಡಿಸಿ ಯಾವ ಜೋಡಿ ಮುಂದಿರುತ್ತದೋ ಅವರ ಕಾಲೇಜಿಗೆ ಆ ವರ್ಷದ ಪರ್ಯಾಯ ಫಲಕ. ಅಂದರೆ, ಒಂದೇ ಬಸ್ಸಿನಲ್ಲಿ ಬಂದು ಒಂದೇ ಡಬ್ಬಿಯ ಚಿತ್ರಾನ್ನ ತಿಂದ ಇಬ್ಬರು ವೇದಿಕೆ ಹತ್ತಿ ಒಬ್ಬರನ್ನೊಬ್ಬರು ಹರಿದು ಹಾಕಬೇಕು. ಎಷ್ಟು ಚೆನ್ನಾಗಿ ಹರಿದರೆ ಇಬ್ಬರಿಗೂ ಅಷ್ಟು ಲಾಭ. ಜೋಡಿಯಲ್ಲಿ ಒಬ್ಬ ಏಳದೆ ಕೂತುಬಿಟ್ಟರೆ ಇನ್ನೊಬ್ಬ ಸಾಕ್ಷಾತ್ ಬೃಹಸ್ಪತಿಯಂತೆ ಮಾತಾಡಿದ್ದರೂ ಸೊನ್ನೆ.

ಆದ್ದರಿಂದ ಎರಡೂ ಭಾಷಣ ಒಂದೇ ಕೈಯಿಂದ ಬಂದರೆ ಅನುಕೂಲ. ಆ ಕೈ ಸುಂದರೇಶರದು. ಪರದ ಕೊನೆಯ ಪ್ಯಾರಾ ಸ್ವಲ್ಪ ಜೋರಾಯಿತು ಅನ್ನಿಸಿದರೆ ವಿರೋಧಕ್ಕೆ ಒಂದು ಗಾದೆ ಹಾಕಿ ಸರಿದೂಗಿಸುತ್ತಿದ್ದರು, ಸಾರಿಗೆ ಉಪ್ಪು ಹಾಕುವ ಹಾಗೆ. ಮೊದಮೊದಲು ವಿಷಯಗಳು ಸುಲಭವಾಗಿದ್ದವು. ವಿಜ್ಞಾನ ವರವೋ ಶಾಪವೋ, ದೂರದರ್ಶನದಿಂದ ಲಾಭವೇ ಹೆಚ್ಚೋ ನಷ್ಟವೇ ಹೆಚ್ಚೋ. ಯಾವಾಗ ದೆಹಲಿಯವರೂ ಬೆಂಗಳೂರಿನವರೂ ಶಿಕ್ಷಣ, ತೆರಿಗೆ, ಅನುದಾನ ಎಂದು ಅತ್ತೆ ಸೊಸೆಯರ ಹಾಗೆ ಕಿತ್ತಾಡತೊಡಗಿದರೋ ಆಗ ಸುಂದರೇಶರಿಗೆ ಸುಗ್ಗಿ ಶುರುವಾಯಿತು. ಅವರು ಪದವಿ ನಾಲ್ಕು ವರ್ಷ ಎಂದರೆ ಇವರು ಮೂರೇ ಸಾಕು ಎಂದರು. ಅವರು ಮೂರು ಭಾಷೆ ಎಂದರೆ ಇವರು ಎರಡು. ತೆರಿಗೆ ಕೊಟ್ಟಿದ್ದೆಷ್ಟು, ವಾಪಸು ಬಂದಿದ್ದೆಷ್ಟು. ಮಹಿಳೆಯರಿಗೆ ಉಚಿತ ಬಸ್ಸು ಸಬಲೀಕರಣವೋ ದುಂದುವೆಚ್ಚವೋ. ಒಂದು ವರ್ಷ ‘ಪರ’ ಎಂದು ಬರೆದುಕೊಟ್ಟದ್ದನ್ನು ಸರಕಾರ ಬದಲಾದ ವರ್ಷ ‘ವಿರೋಧ’ ಎಂದು ತಲೆಬರಹ ತಿದ್ದಿ ಮತ್ತೆ ಕೊಟ್ಟದ್ದೂ ಉಂಟು. ಒಳಗಿನ ಮಾತು ಒಂದಕ್ಷರ ಬದಲಾಗಿರಲಿಲ್ಲ. ತೀರ್ಪುಗಾರರು ಎರಡು ಸಲವೂ ಮೆಚ್ಚಿದರು.

ಇಷ್ಟರಲ್ಲಿ ಸುಂದರೇಶರ ಒಳಗಿನ ತಕ್ಕಡಿಯ ಮುಳ್ಳು ಮಧ್ಯದಲ್ಲೇ ತುಕ್ಕು ಹಿಡಿಯಿತು. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಯ ಮುಂದೆ ನಿಂತರೆ ತೊಂಡೆಕಾಯಿಯ ಪರವಾದ ವಾದಗಳು ತಾವಾಗಿ ಏಳುತ್ತಿದ್ದವು. ಕಳೆದ ಚುನಾವಣೆಯಲ್ಲಿ ಮತಯಂತ್ರದ ಮುಂದೆ ಅವರು ಎಷ್ಟು ಹೊತ್ತು ನಿಂತರೆಂದರೆ, ಮತಗಟ್ಟೆಯ ಅಧಿಕಾರಿ ಆ ಕಡೆಯಿಂದ, “ಯಾಕೆ ಸಾರ್, ಮಿಷನ್ ಕೆಟ್ಟೋಯ್ತಾ?” ಎಂದು ಕೂಗಿದರು. ಮಿಷನ್ ಸರಿಯಾಗಿತ್ತು. ಕೊನೆಗೆ ಯಾವುದನ್ನು ಒತ್ತಿದೆ ಎಂಬುದು ಸುಂದರೇಶರಿಗೆ ಇವತ್ತಿಗೂ ಖಚಿತವಿಲ್ಲ.

ಅವರ ಹೆಂಡತಿ ಚಂದ್ರಮತಿ ಒಂದು ಕಾಲದಲ್ಲಿ ಅವರ ಜೋಡಿಯೇ. ಬಿ.ಎ. ಓದುವಾಗ ಇಬ್ಬರನ್ನೂ ಅವರ ಕಾಲೇಜು ಹಾಸನಕ್ಕೆ ಕಳಿಸಿತ್ತು. ‘ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ನಡೆಯಬೇಕು’ ಎಂಬುದು ವಿಷಯ. ಸುಂದರೇಶ ಪರ, ಚಂದ್ರಮತಿ ವಿರೋಧ. ಫಲಕ ಗೆದ್ದು ಬಸ್ಸಿನಲ್ಲಿ ವಾಪಸು ಬರುವಾಗ ಆಕೆ ಕಿಟಕಿಯ ಕಡೆ ಮುಖ ಮಾಡಿ, “ನಾನು ಹೇಳಿದ್ದೆಲ್ಲ ಸುಳ್ಳು ಅಂತ ನನಗೇ ಅನ್ನಿಸ್ತಿದೆ. ನಿಮಗೆ?” ಎಂದು ಕೇಳಿದ್ದರು. “ನನಗೇನೂ ಅನ್ನಿಸ್ತಿಲ್ಲ. ಬೇಕಾದ್ರೆ ನಿಮ್ಮದನ್ನೂ ನಾನೇ ಹೇಳ್ತಿದ್ದೆ,” ಎಂದಿದ್ದರು ಸುಂದರೇಶ. ಇಂಥ ಉತ್ತರ ಕೇಳಿಯೂ ಆಕೆ ಮದುವೆಗೆ ಒಪ್ಪಿದ್ದು ಹೇಗೆ ಎಂಬುದಕ್ಕೆ ಎರಡೂ ಮನೆಯವರ ಬಳಿ ವಿವರಣೆಯಿಲ್ಲ.

ಆಮೇಲೆ ಚಂದ್ರಮತಿ ವೇದಿಕೆ ಹತ್ತಲಿಲ್ಲ. ಅವತ್ತು ಆಡಿದ ಮಾತಿಗೆ ಪ್ರಾಯಶ್ಚಿತ್ತವೋ ಎಂಬಂತೆ ಮೊಹಲ್ಲಾದ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾದರು. ಅತಿಥಿ ಎಂದರೆ ಪ್ರತಿ ಜೂನಿನಲ್ಲಿ ಕರೆಯಬೇಕು, ಪ್ರತಿ ಏಪ್ರಿಲಿನಲ್ಲಿ ಕಳಿಸಬೇಕು. ಹಾಗೆ ಕರೆಸಿಕೊಂಡು, ಕಳಿಸಿಕೊಂಡು ತಲೆಗೂದಲು ಬೆಳ್ಳಗಾಯಿತು. ಮಾತೃಭಾಷೆಯ ಪರವಾಗಿ ಫಲಕ ಗೆದ್ದ ಸುಂದರೇಶರು ಮಗ ಪ್ರದ್ಯುಮ್ನನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಅವನೀಗ ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ವಿಮಾನ ತಡವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳುವ ಕೆಲಸದಲ್ಲಿದ್ದಾನೆ. ಆ ವಿಷಯವಾಗಿ ಮನೆಯಲ್ಲಿ ಯಾರೂ ಚರ್ಚಿಸುವುದಿಲ್ಲ.

ಈ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಚಂದ್ರಮತಿ ಶಾಲೆಯಿಂದ ನೇರ ಅಂಗಡಿಗೆ ಬಂದರು. ಅವರು ಅಂಗಡಿಗೆ ಬರುವುದೇ ಅಪರೂಪ.

“ನಮ್ಮ ಶಾಲೇನ ಬನ್ನಿಮಂಟಪದ ಹತ್ತಿರದ ದೊಡ್ಡ ಶಾಲೆಗೆ ಸೇರಿಸ್ತಾರಂತೆ,” ಎಂದರು. “ಮಕ್ಕಳು ಕಮ್ಮಿ ಅಂತ. ಎಲ್ಲಾ ಒಂದೇ ಕಡೆ ಇದ್ರೆ ಅನುಕೂಲ ಅಂತ.”

“ಹೌದೇ? ಅದರಲ್ಲಿ ಒಂದು ರೀತಿ—”

“ರೀ.”

ಸುಂದರೇಶ ಜೆರಾಕ್ಸ್ ಮಿಷನ್ನಿನ ಮುಚ್ಚಳ ಮುಚ್ಚಿದರು.

“ಶನಿವಾರ ಸಭೆ ಇದೆ. ಶಾಲಾ ಸಮಿತಿಯೋರ ಅಭಿಪ್ರಾಯ ಕೇಳ್ತಾರೆ. ಬೇಡ ಅಂತ ಹೆಚ್ಚು ಜನ ಕೈ ಎತ್ತಿದ್ರೆ ಈ ವರ್ಷ ಸುಮ್ನೆ ಬಿಡ್ತಾರಂತೆ. ನಾನು ಅಲ್ಲಿ ಮಾತಾಡೋ ಹಾಗಿಲ್ಲ, ಕೈ ಎತ್ತೋ ಹಾಗೂ ಇಲ್ಲ. ನೀವು ಸಮಿತೀಲಿ ಇದ್ದೀರಿ. ಮಾತಾಡಿ.”

ಸುಂದರೇಶರು ಸಮಿತಿಯಲ್ಲಿದ್ದದ್ದು ನಿಜ. ಉಳಿದವರೆಲ್ಲ ಮಕ್ಕಳ ತಂದೆ ತಾಯಿಗಳು. ಇವರೊಬ್ಬರು ಮಾತ್ರ ‘ಶಿಕ್ಷಣಾಸಕ್ತ’ ಎಂಬ ಜಾಗದಲ್ಲಿ ಕೂತವರು. ಹಾಗೆಂದರೇನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸ್ವಾತಂತ್ರ್ಯ ದಿನಾಚರಣೆಗೆ ಹೋಗಿ ಲಾಡು ತಿಂದು ಬರುತ್ತಿದ್ದರು.

“ಖಂಡಿತ ಮಾತಾಡ್ತೀನಿ,” ಎಂದರು.

“ಒಂದೇ ಕಡೆ.”

“ಒಂದೇ ಕಡೆ.”

“ಶಾಲೆ ಉಳೀಬೇಕು ಅನ್ನೋ ಕಡೆ.”

“ಅದೇ ಕಡೆ ಕಣೇ. ಇನ್ಯಾವ ಕಡೆ?” ಎಂದು ಸುಂದರೇಶ ನಕ್ಕರು. ಚಂದ್ರಮತಿ ನಗಲಿಲ್ಲ. ಎಷ್ಟೋ ವರ್ಷಗಳಲ್ಲಿ ಆಕೆ ಗಂಡನಿಂದ ಬಯಸಿದ ಮೊದಲ ಭಾಷಣ ಇದು. ಅದು ಸುಂದರೇಶರಿಗೂ ಅರ್ಥವಾಯಿತು. ಶಾಲೆ ಹೋದರೆ ಕಾಯಂ ಶಿಕ್ಷಕರಿಗೆ ಇನ್ನೊಂದು ಶಾಲೆ ಸಿಗುತ್ತದೆ. ಅತಿಥಿಗೆ ಮನೆಯೇ ಇಲ್ಲದ ಮೇಲೆ ಆತಿಥ್ಯ ಎಲ್ಲಿಯದು?

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಸಭೆ ಸೇರಿತು. ಸಮಿತಿಯವರು ಎರಡನೇ ಕ್ಲಾಸಿನ ಪುಟ್ಟ ಬೆಂಚುಗಳಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತರು. ಅಧ್ಯಕ್ಷ ಮರಿಸ್ವಾಮಿ, ಟಿ.ನರಸೀಪುರದ ಕಡೆಯ ಒಕ್ಕಲು ಮನೆತನದವರು, ಊರಿನಲ್ಲಿದ್ದ ಜಮೀನು ಅಣ್ಣನಿಗೆ ಬಿಟ್ಟು ಇಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ, ಮಗಳು ಸಿಂಚನ ನಾಲ್ಕನೇ ಕ್ಲಾಸು. ಅವರ ಪಕ್ಕದಲ್ಲಿ ಟೈಲರ್ ಚಾಮುಂಡೇಶ್ವರಿ. ಮಗನೂ ಮಗಳೂ ಇದೇ ಶಾಲೆಯವರು, ಅಳತೆ ಟೇಪು ಕೊರಳಲ್ಲೇ ಇತ್ತು. ಶಿಕ್ಷಣ ಇಲಾಖೆಯಿಂದ ವಿಜಯ್‌ಕುಮಾರ್ ಎಂಬ ಯುವಕ ಬಂದಿದ್ದ. ಅವನ ಮುಖದಲ್ಲಿ ಅದೇ ವಾರ ಅಂಥ ಹಲವು ಸಭೆಗಳನ್ನು ಕಂಡ ದಣಿವಿತ್ತು.

“ನೋಡಿ, ನನ್ನ ಅಭಿಪ್ರಾಯ ಏನೂ ಇಲ್ಲ,” ಎಂದು ಅವನು ಶುರು ಮಾಡಿದ. “ಮೇಲಿನವರು ಕೇಳಿ ಅಂದಿದ್ದಾರೆ, ಕೇಳ್ತಿದ್ದೀನಿ. ಕೇಂದ್ರದ ನೀತಿ ಒಂದಿದೆ, ರಾಜ್ಯದ ನೀತಿ ಒಂದಿದೆ. ಇದು ಯಾವುದರ ಪ್ರಕಾರ ಅಂತ ದಯವಿಟ್ಟು ನನ್ನ ಕೇಳ್ಬೇಡಿ.”

“ಯಾವುದ್ರ ಪ್ರಕಾರ?” ಎಂದರು ಮರಿಸ್ವಾಮಿ.

“ಕೇಳ್ಬೇಡಿ ಅಂದ್ನಲ್ಲ ಸಾರ್.”

ಚಂದ್ರಮತಿ ಬಾಗಿಲ ಬಳಿ ನಿಂತಿದ್ದರು. ಸುಂದರೇಶ ಎದ್ದರು. ಶಲ್ಯ ಸರಿಮಾಡಿಕೊಂಡು, “ಸಭಾಧ್ಯಕ್ಷರೇ,” ಎಂದಾಗ ಮರಿಸ್ವಾಮಿ ಹಿಂದೆ ತಿರುಗಿ ನೋಡಿ, ಆಮೇಲೆ ಅದು ತಾವೇ ಎಂದು ತಿಳಿದು ನೆಟ್ಟಗೆ ಕೂತರು.

ಆ ಭಾಷಣವನ್ನು ಕೇಳಿದವರು ಈಗಲೂ ಹೊಗಳುತ್ತಾರೆ. ಮಕ್ಕಳು ಕಮ್ಮಿ ಎಂದು ಶಾಲೆ ಮುಚ್ಚುವುದು, ರೋಗಿಗಳು ಬರಲಿಲ್ಲ ಎಂದು ಆಸ್ಪತ್ರೆಯ ಮದ್ದನ್ನೂ ತೆಗೆದಿಟ್ಟ ಹಾಗೆ ಎಂದರು. ಬೀದಿಯ ಮಗು ನಡೆದು ಬರಬಹುದಾದ ಶಾಲೆಯೇ ಬಡವನ ಪಾಲಿನ ನಿಜವಾದ ವಿಶ್ವವಿದ್ಯಾನಿಲಯ ಎಂದರು. ಮುಖ್ಯರಸ್ತೆ ದಾಟಿಸಿ, ಬಸ್ಸು ಹತ್ತಿಸಿ ಆರು ವರ್ಷದ ಕಂದಮ್ಮನನ್ನು ಕಳಿಸುವ ತಾಯಿಯ ಎದೆ ಇಡೀ ದಿನ ಏನಾಗಿರುತ್ತದೆ ಎಂದು ಕೇಳಿ ಅರೆಕ್ಷಣ ನಿಲ್ಲಿಸಿದರು. ಆ ನಿಲುಗಡೆಯಲ್ಲಿ ಚಾಮುಂಡೇಶ್ವರಿ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಚಂದ್ರಮತಿಯ ಮುಖ, ಹಾಸನದ ಬಸ್ಸಿಗಿಂತ ಹಿಂದೆ ಯಾವತ್ತೋ ಒಮ್ಮೆ ಕಂಡಿದ್ದ ಹಾಗೆ, ಅರಳಿತು.

ಇಷ್ಟಕ್ಕೇ ಮುಗಿದಿದ್ದರೆ ಮೈಸೂರಿನಲ್ಲಿ ಒಂದು ಶಾಲೆ ಸುಖವಾಗಿ ಉಳಿಯುತ್ತಿತ್ತು.

ವಿಜಯ್‌ಕುಮಾರ್ ಪೆನ್ನು ಕೈಗೆತ್ತಿಕೊಂಡು, “ಸರಿ. ಇನ್ನು ಸೇರಿಸೋದರ ಪರವಾಗಿ ಯಾರಾದರೂ ಮಾತಾಡ್ತೀರಾ?” ಎಂದ. ಕೇಳಬೇಕು ಎಂಬ ನಿಯಮಕ್ಕೆ ಕೇಳಿದ ಮಾತು ಅದು.

ಯಾರೂ ಏಳಲಿಲ್ಲ. ಮರಿಸ್ವಾಮಿ ಆಕಳಿಸಿದರು.

ಆ ಮೌನ ಬೇರೆಯವರಿಗೆ ಬರೀ ಮೌನ. ಸುಂದರೇಶರಿಗೆ ಅದು ವೇದಿಕೆಯ ಮೇಲೆ ಖಾಲಿ ಬಿದ್ದ ಜಾಗ. ಜೋಡಿಯ ಇನ್ನೊಬ್ಬ ಬಂದಿಲ್ಲ. ಹೆಸರು ಕರೆಯುತ್ತಿದ್ದಾರೆ. ಇನ್ನೊಂದು ಕ್ಷಣ ಕಳೆದರೆ ಇಷ್ಟು ಚೆನ್ನಾಗಿ ಆಡಿದ್ದೆಲ್ಲ ಸೊನ್ನೆ. ಬೇಡ, ಕೂತುಕೋ ಎಂದು ತಲೆ ಹೇಳಿತು. ಕಾಲು ಕೇಳಲಿಲ್ಲ. ನೋಡನೋಡುತ್ತಿದ್ದಂತೆ ಅವರು ಬೆಂಚಿನ ಆ ತುದಿಯಿಂದ ಈ ತುದಿಗೆ ಬಂದು ನಿಂತಿದ್ದರು.

“ಸಭಾಧ್ಯಕ್ಷರೇ, ನನ್ನ ಎದುರಾಳಿ ಮಿತ್ರರು ಈಗ ತಾನೇ ಬಹಳ ಭಾವುಕವಾಗಿ ಮಾತಾಡಿ ಹೋದರು.”

“ಯಾರು ಸಾ?” ಎಂದರು ಚಾಮುಂಡೇಶ್ವರಿ.

ಸುಂದರೇಶರಿಗೆ ಅದು ಕೇಳಿಸಲಿಲ್ಲ. ಭಾವನೆ ಬೇರೆ, ಬದುಕು ಬೇರೆ ಎಂದರು. ಇಬ್ಬರು ಶಿಕ್ಷಕರು ಐದು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವುದಕ್ಕೆ ಪಾಠ ಎನ್ನುತ್ತೀರೋ, ಸಂತೆ ಎನ್ನುತ್ತೀರೋ ಎಂದರು. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಮೇಷ್ಟ್ರಿದ್ದಾರೆ, ಕನ್ನಡದ ಜೊತೆಗೆ ಇಂಗ್ಲಿಷೂ ಇದೆ, ಆಟದ ಬಯಲಿದೆ, ಹೆಣ್ಣುಮಕ್ಕಳಿಗೆ ಬಾಗಿಲಿರುವ ಶೌಚಾಲಯವಿದೆ ಎಂದರು. ಸಾಲದ್ದಕ್ಕೆ, ಭಾಷಣಗಳಲ್ಲಿ ಇದ್ದೇ ಇರಬೇಕಾದ ಕೊನೆಯ ಏಟಿಗೆ ಬಂದರು:

“ಬಡವರ ಮಕ್ಕಳು ಬೀದಿಯ ಶಾಲೆಯಲ್ಲೇ ಓದಲಿ ಎಂದು ಕಣ್ಣೀರು ಹಾಕುವ ನನ್ನ ಎದುರಾಳಿ ಮಿತ್ರರನ್ನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅವರು ತಮ್ಮ ಸ್ವಂತ ಮಗನನ್ನು ಎಲ್ಲಿ ಓದಿಸಿದರು?”

ಮೊದಲಿನದಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. ಸುಂದರೇಶ ಕೈಮುಗಿದು ಕೂತರು. ಮುಖದಲ್ಲಿ ಎರಡೂ ಕಡೆ ಸಮ ಮಾಡಿದವನ ತೃಪ್ತಿ. ಕೂತ ಮೇಲೆ ಬಾಗಿಲ ಕಡೆ ನೋಡಿದರು. ಅಲ್ಲಿ ಚಂದ್ರಮತಿ ಇರಲಿಲ್ಲ. ಆಗ ಅವರಿಗೆ ತಾನು ಎಲ್ಲಿದ್ದೇನೆ ಎಂಬುದು ನೆನಪಾಯಿತು.

“ಅಲ್ಲಾ ಸಾಮಿ,” ಎಂದು ಮರಿಸ್ವಾಮಿ ತಲೆ ಕೆರೆದುಕೊಂಡರು, “ಮೊದ್ಲು ಮಾತಾಡಿದ್ದು ನೀವೇ ತಾನೆ?”

“ಹೌದು.”

“ಈಗ ಮಾತಾಡಿದ್ದೂ?”

“ಹೌದು.”

“ಮತ್ತೆ ಯಾರ್ನ ಬೈದ್ರಿ?”

ಅಷ್ಟರಲ್ಲಿ ಬೆಂಚುಗಳ ಮೇಲೆ ಗದ್ದಲ ಎದ್ದಿತ್ತು. ಅದುವರೆಗೆ ಒಂದಾಗಿದ್ದವರು ಎರಡಾಗಿದ್ದರು. ಒಬ್ಬರು ಇಂಗ್ಲಿಷ್ ಬೇಕೇಬೇಕು ಎಂದರು. ಇನ್ನೊಬ್ಬರು ರಸ್ತೆ ದಾಟಿಸೋರು ಯಾರು, ನಿಮ್ಮಪ್ಪನಾ ಎಂದರು. ಚಾಮುಂಡೇಶ್ವರಿ ಎದ್ದು ನಿಂತು, “ಬಸ್ಸು ನಂಗೆ ಫ್ರೀ, ನನ್ ಮಗಳಿಗೂ ಫ್ರೀ, ಮಗನಿಗೆ ಮಾತ್ರ ಟಿಕೀಟು. ಅವನ್ನೇನು ಇಲ್ಲೇ ಬುಟ್ಟು ಓಗ್ಲಾ? ಆದ್ರೂ ಸಾ ಏಳಿದ್ದು ಸರಿ. ಇಂಗ್ಲಿಷ್ ಬೇಕು ಕಣ್ರೀ,” ಎಂದರು.

“ಯಾವ ಸಾ?” ಎಂದರು ಮರಿಸ್ವಾಮಿ. “ಮೊದಲ್ನೇ ಸಾ, ಎರಡನೇ ಸಾ?”

ವಿಜಯ್‌ಕುಮಾರ್ ಕೈ ಎತ್ತಲು ಹೇಳಿದ. ಸೇರಿಸಬೇಕು ಎನ್ನುವವರು ಎತ್ತಿದರು. ಬೇಡ ಎನ್ನುವವರು ಎತ್ತಿದರು. ಎರಡೂ ಸಮ. ಅವನು ಮತ್ತೊಮ್ಮೆ ಎಣಿಸಿ ನಿಟ್ಟುಸಿರು ಬಿಟ್ಟು, “ಒಬ್ಬರು ಎತ್ತೇ ಇಲ್ಲ,” ಎಂದ.

ಎಲ್ಲರೂ ಸುಂದರೇಶರ ಕಡೆ ತಿರುಗಿದರು.

“ನಾನು ತಟಸ್ಥ ಅಂತ ಇರಬಹುದಾ?” ಎಂದು ಸುಂದರೇಶ ಸಣ್ಣ ದನಿಯಲ್ಲಿ ಕೇಳಿದರು.

“ಆಯ್ತದಾ ಸಾಮಿ?” ಎಂದರು ಮರಿಸ್ವಾಮಿ. “ಬಟ್ಟೆ ಸರೀಗಿತ್ತು. ನೀವು ಮಾತಾಡಿ ಮಾತಾಡಿ ಎರಡು ಓಳು ಮಾಡ್ಬುಟ್ರಿ. ಈಗ ನೀವೇ ಒಲ್ದುಕೊಡಿ.”

ಸುಂದರೇಶ ಕಣ್ಣು ಮುಚ್ಚಿದರು. ಒಳಗೆ ಪರದವನು ಎದ್ದು ಮಾತಾಡಿದ, ವಿರೋಧದವನು ಎದ್ದು ಮಾತಾಡಿದ, ಪರದವನು ಖಂಡನೆಗೆ ಎದ್ದ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಗಂಟೆ ಬಾರಿಸಿ ಇಬ್ಬರನ್ನೂ ಕೂರಿಸುತ್ತಾರೆ, ತೀರ್ಪುಗಾರರು ತಲೆಗೆ ತಲೆ ಸೇರಿಸುತ್ತಾರೆ. ಇಲ್ಲಿ ಗಂಟೆಯೂ ಇರಲಿಲ್ಲ, ತೀರ್ಪುಗಾರರೂ ಇರಲಿಲ್ಲ. ಇಷ್ಟು ವರ್ಷ ತೀರ್ಪು ಎಂಬುದು ಬೇರೆ ಯಾರೋ ಮಾಡುವ ಕೆಲಸ ಎಂದು ಅವರು ನಂಬಿದ್ದರು. ಹೆಂಡತಿಯ ಕೆಲಸ ಒಂದು ಕಡೆಗೆ ಜಗ್ಗಿತು; ಅದು ಸ್ವಾರ್ಥವಾಗುತ್ತದಲ್ಲ ಎಂದು ಇನ್ನೊಂದು ಕಡೆಗೆ ಜಗ್ಗಿತು; ಸ್ವಂತ ಹೆಂಡತಿಯ ಕೆಲಸ ಉಳಿಸುವುದು ಸ್ವಾರ್ಥ ಹೇಗಾದೀತು ಎಂದು ಮತ್ತೆ ಈ ಕಡೆಗೆ ಜಗ್ಗಿತು. ಚಾಮುಂಡೇಶ್ವರಿಯ ಮಗನ ಟಿಕೀಟು ಮಧ್ಯೆ ಬಂದು ಹೋಯಿತು.

ಕಣ್ಣು ಬಿಟ್ಟರೆ ಬಲಗೈ ಮೇಲಿತ್ತು.

“ಯಾವ ಕಡೆ ಸಾರ್ ಇದು?” ಎಂದ ವಿಜಯ್‌ಕುಮಾರ್.

“ಬೇಡ. ಸೇರಿಸೋದು ಬೇಡ.”

ಅರ್ಧ ಬೆಂಚು ಚಪ್ಪಾಳೆ ತಟ್ಟಿತು, ಅರ್ಧ ಬೆಂಚು ಗೊಣಗಿತು. ವಿಜಯ್‌ಕುಮಾರ್, “ನಿಮ್ಮೊಬ್ಬರ ಕೈ ಮೇಲೇ ನಿಂತಿದೆ. ಕಾರಣ ಬರ್ಕೊಬೇಕು. ಏನಂತ ಬರೀಲಿ?” ಎಂದ.

ಊರಿಗೆಲ್ಲ ಕಾರಣ ಬರೆದುಕೊಟ್ಟ ಸುಂದರೇಶ ಒಳಗೆಲ್ಲ ತಡಕಾಡಿದರು. ಭಾಷಣದ ಕಾರಣಗಳು ರಾಶಿ ಬಿದ್ದಿದ್ದವು. ಯಾವುದನ್ನು ಎತ್ತಿಕೊಂಡರೂ ಅದರ ಉತ್ತರ ಅದಕ್ಕೇ ಅಂಟಿಕೊಂಡು ಬರುತ್ತಿತ್ತು.

“ಗೊತ್ತಿಲ್ಲ,” ಎಂದರು.

“ಅಯ್ಯೋ, ಅಷ್ಟೊತ್ತು ಏಳಿದ್ರಲ್ಲ ಸಾಮಿ, ಕಾರ್ಣಗಳ!”

“ಅವು ಮಾತಿನವು ಮರಿಸ್ವಾಮಿ. ಕೈ ನನ್ನದು. ಕೈ ಮುಂಚೆ ಬಂದ್ಬಿಡ್ತು, ಕಾರಣ ಇನ್ನೂ ಬಂದಿಲ್ಲ.”

“ಹಾಗೆಲ್ಲ ಬರೆಯೋಕಾಗಲ್ಲ ಸಾರ್,” ಎಂದು ವಿಜಯ್‌ಕುಮಾರ್ ಅಳುವ ದನಿ ಮಾಡಿದ. “ಯಾವುದಾದ್ರೂ ಎರಡು ಪಾಯಿಂಟ್ ಕೊಡಿ.”

“ಎಂಡ್ತಿ ಎದರ್ಕೆ ಅಂತ ಬರ್ಕಳಿ ಸಾ,” ಎಂದರು ಚಾಮುಂಡೇಶ್ವರಿ. ಎರಡೂ ಪಕ್ಷದವರು ಒಟ್ಟಿಗೆ ನಕ್ಕರು. ಆ ದಿನ ಸಭೆ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಹೊರಗೆ ಕಿಟಕಿಯ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಚಂದ್ರಮತಿ ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದರು. ಮನೆಯ ಗೇಟಿನ ಬಳಿ ನಿಂತರು.

“ಒಂದೇ ಕಡೆ ಅಂದಿದ್ದೆ.”

“ಶಾಲೆ ಉಳೀತಲ್ಲೇ.”

“ಎಲ್ಲಿ ಉಳೀತು? ಅರ್ಧ ಜನಕ್ಕೆ ದೊಡ್ಡ ಶಾಲೇಲಿ ಏನೇನಿದೆ ಅಂತ ನೀವೇ ಪಾಠ ಹೇಳಿಕೊಟ್ರಲ್ಲ. ಜೂನ್‌ನಲ್ಲಿ ಅವರು ಟಿ.ಸಿ. ತಗೊಂಡು ಹೋದ್ರೆ ಇಲ್ಲಿ ಉಳಿಯೋದು ಗೋಡೆ. ಆಗ ಸಭೇನೂ ಬೇಕಾಗಲ್ಲ, ಕೈಯೂ ಬೇಕಾಗಲ್ಲ.” ಆಕೆ ಗೇಟು ತೆಗೆದರು. “ಮಗನ್ನ ಎಲ್ಲಿ ಓದಿಸಿದ್ರು ಅಂತ ಕೇಳಿದ್ರಲ್ಲ, ಅದಕ್ಕೆ ನಿಮ್ಮ ಎದುರಾಳಿ ಮಿತ್ರರ ಉತ್ತರ ಏನು?”

ಎದುರಾಳಿ ಮಿತ್ರರು ಗೇಟಿನ ಹೊರಗೇ ನಿಂತಿದ್ದರು.

ಭಾನುವಾರ ಬೆಳಿಗ್ಗೆ ಚಂದ್ರಮತಿ ಚಪ್ಪಲಿ ಮೆಟ್ಟಿ ಮಕ್ಕಳ ಮನೆಮನೆಗೆ ಹೊರಟರು. ಮರಿಸ್ವಾಮಿ ಜೊತೆಗೆ ಬಂದರು. ಅವರೇ ಸುಂದರೇಶರನ್ನೂ ಅಂಗಡಿಯಿಂದ ಎಬ್ಬಿಸಿದರು. “ಬನ್ನಿ ಸಾಮಿ. ನೀವು ಮಾಡಿದ್ದು ನೀವೂ ನೋಡಿ. ಆದ್ರೆ ಒಂದ್ ಮಾತು. ಬಾಯಿ ಬುಡಂಗಿಲ್ಲ.”

ಸುಂದರೇಶ ಒಪ್ಪಿದರು. ಮೊದಲೆರಡು ಮನೆಗಳಲ್ಲಿ ಅವರು ಗೋಡೆಯ ಕ್ಯಾಲೆಂಡರಿನಂತೆ ನಿಂತು ಬಂದರು.

ಚಾಮುಂಡೇಶ್ವರಿಯ ಮನೆಯ ಮುಂದಿನ ಕೋಣೆಯೇ ಹೊಲಿಗೆಯ ಜಾಗ. ಆಕೆ ಮಿಷನ್ ನಿಲ್ಲಿಸದೆ ಚಂದ್ರಮತಿಯ ಮಾತು ಕೇಳಿದರು. ಚಂದ್ರಮತಿ ಭಾಷಣ ಮಾಡಲಿಲ್ಲ. ಮಗಳಿಗೆ ಭಾಗಾಕಾರ ಈಗ ಬರುತ್ತಿದೆ, ಮಗ ಇನ್ನೂ ಒತ್ತಕ್ಷರದಲ್ಲಿ ಎಡವುತ್ತಾನೆ, ಮುಂದಿನ ವರ್ಷ ನಾನಿದ್ದರೆ ಅವನನ್ನು ದಾಟಿಸುತ್ತೇನೆ, ನಾನಿಲ್ಲದಿದ್ದರೆ ಯಾರು ದಾಟಿಸುತ್ತಾರೋ ತಿಳಿಯದು ಎಂದಷ್ಟೇ ಹೇಳಿದರು.

ಚಾಮುಂಡೇಶ್ವರಿ ಪೆಡಲಿನಿಂದ ಕಾಲು ತೆಗೆದರು. ಆದರೆ ಆಕೆ ನೋಡಿದ್ದು ಸುಂದರೇಶರ ಕಡೆ.

“ಸಾ, ನೀವು ಏಳಿ. ನಿಮ್ ಮಗನ್ನ ಯಾಕೆ ಅಲ್ಲಿಗಾಕಿದ್ರಿ?”

ಮರಿಸ್ವಾಮಿ ಕಣ್ಣಲ್ಲೇ ಬೇಡ ಎಂದರು. ಸುಂದರೇಶ ಹೆಂಡತಿಯ ಕಡೆ ನೋಡಿದರು. ಆಕೆ ಬೇಡ ಎನ್ನಲಿಲ್ಲ. ಉತ್ತರ ಆಕೆಗೂ ಬೇಕಾಗಿತ್ತು ಎಂದು ಕಾಣುತ್ತದೆ.

“ಎಲ್ಲರೂ ಹಾಕ್ತಿದ್ರು, ಹಾಕಿದೆ,” ಎಂದರು ಸುಂದರೇಶ.

“ಅಷ್ಟೇಯಾ?”

“ಅಷ್ಟೇ ಕಣಮ್ಮ. ಹಾಕಿ ಆದ್ಮೇಲೆ ಪಾಯಿಂಟುಗಳನ್ನ ಹುಡುಕ್ಕೊಂಡೆ. ಬೇಕಾದಷ್ಟು ಸಿಕ್ತು.”

“ಒಳ್ಳೇದಾಯ್ತಾ?”

“ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅವನಿಗೆ. ನಾನು ಬರೆದ ಒಂದು ಭಾಷಣಾನೂ ಅವನಿಗೆ ಓದೋಕೆ ಬರಲ್ಲ. ಒಳ್ಳೇದೋ ಕೆಟ್ಟದ್ದೋ, ನೀನೇ ಹೇಳು.”

“ನಂಗೆಂಗೊತ್ತಾಯ್ತದೆ ಸಾ?” ಚಾಮುಂಡೇಶ್ವರಿ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದು ನೋಡಿದರು. “ಡೆಲ್ಲಿಯೋರು ಒಂದೇಳ್ತಾರೆ, ಬೆಂಗ್ಳೂರ್‌ನೋರು ಒಂದೇಳ್ತಾರೆ, ನೀವೊಬ್ರೇ ಎರಡೇಳ್ತೀರಿ. ಈಗ ನಾನೇನ್ ಮಾಡ್ಲಿ? ಇಲ್ಲೇ ಬುಡ್ಲಾ, ಅಲ್ಲಿಗಾಕ್ಲಾ?”

ಸುಂದರೇಶರ ನಾಲಗೆಯ ತುದಿಯಲ್ಲಿ ಎರಡೂ ಸಿದ್ಧವಾಗಿದ್ದವು, ಪೀಠಿಕೆ ಸಮೇತ. ಅವರು ಎರಡನ್ನೂ ನುಂಗಿದರು.

“ನನಗೆ ಗೊತ್ತಿಲ್ಲಮ್ಮ.”

ಚಾಮುಂಡೇಶ್ವರಿ ನಕ್ಕುಬಿಟ್ಟರು. “ಅಬ್ಬಾ! ಇಷ್ಟು ದಿನ ನಂಗೊಬ್ಳಿಗೇ ಗೊತ್ತಿಲ್ಲ ಅನ್ಕಂಡಿದ್ದೆ ಕಣಮ್ಮ,” ಎಂದು ಚಂದ್ರಮತಿಗೆ ಹೇಳಿ, “ಕೂತ್ಕಳಿ, ಕಾಪಿ ಮಾಡ್ತೀನಿ. ಜೂನ್ ಬರ್ಲಿ, ನೋಡವ,” ಎಂದು ಒಳಗೆ ಹೋದರು.

ಕಾಫಿ ಕುಡಿದು ಮೂವರೂ ಬೀದಿಗೆ ಇಳಿದರು. ಮರಿಸ್ವಾಮಿಗೆ ಸಮಾಧಾನವಿರಲಿಲ್ಲ.

“ನೋಡವ ಅಂದ್ರೆ ಏನ್ ಸಾಮಿ? ಇರ್ತಾಳೆ ಅಂತ್ಲಾ, ಓಯ್ತಾಳೆ ಅಂತ್ಲಾ?”

“ಎರಡಕ್ಕೂ—” ಎಂದು ಸುಂದರೇಶ ಶುರು ಮಾಡಿದರು.

ಚಂದ್ರಮತಿ ತಿರುಗಿ ನೋಡಿದರು. ಆಕೆ ಈ ಸಲ ಮುಂದೆ ನಡೆಯಲಿಲ್ಲ. ಸುಂದರೇಶ ಬರುವ ತನಕ ನಿಂತು, “ಬನ್ನಿ, ಇನ್ನೂ ಬೇಕಾದಷ್ಟು ಮನೆ ಇದೆ,” ಎಂದರು.